ಹದಿನೇಳನೇ ಮನೆ

ನಕಾಶೆಯಲ್ಲಿ ಯಾದಗಿರಿ ಪೂರಾ ಕೆಂಪು.
ಮೇ ಒಂಬತ್ತು, ಮಧ್ಯಾಹ್ನ ಮೂರು ಹತ್ತು.
ಇಪ್ಪತ್ನಾಲ್ಕು ಮನೆ, ಇಪ್ಪತ್ನಾಲ್ಕು ಸೆನ್ಸರ್,
ಬೆಂಕಿಪೆಟ್ಟಿಗೆಯಷ್ಟು ಬಿಳಿ ಡಬ್ಬಿ,
ಐದು ನಿಮಿಷಕ್ಕೊಂದು ಅಂಕಿ ಕ್ಲೌಡಿಗೆ ಕಳಿಸುತ್ತವೆ:
ನಲವತ್ತೆರಡು, ನಲವತ್ತಮೂರು ಪಾಯಿಂಟ್ ಆರು.
ಹದಿನೇಳನೆಯದು ಮಾತ್ರ ಹಸಿರು.
ಇಪ್ಪತ್ತೇಳು.

ತಗಡಿನ ಮನೆ ಅದು, ಕೋಟೆ ಗುಡ್ಡಕ್ಕೆ ಬೆನ್ನು ಕೊಟ್ಟದ್ದು.
ಹಗಲು ಕುಡಿದ ಬಿಸಿಲನ್ನು ಬಂಡೆ
ರಾತ್ರಿಯಿಡೀ ಕಾರುವ ಜಾಗ.
ಒಳಗೆ, ಖಾನಾವಳಿಗೆ ದಿನಾ ಇನ್ನೂರು ರೊಟ್ಟಿ ಬೇಯಿಸುವ ಒಲೆ.
ಅಲ್ಲಿ ಇಪ್ಪತ್ತೇಳು!
"ಕೆಟ್ಟಿರಬೇಕು, ಬದಲಿ ಹಾಕಿ ಬಾ," ಅಂದರು
ಕಲಬುರಗಿಯಿಂದ ಸರ್.
ಹೊಸ ಡಬ್ಬಿ, ಎರಡು ಸ್ಕ್ರೂ, ಮುಖಕ್ಕೆ ದುಪಟ್ಟಾ.
ಸ್ಕೂಟಿಯ ಸೀಟೋ, ಕಾದ ಹಂಚು.

ಗೋಡೆಯಲ್ಲಿ ಮೊಳೆ ಇದೆ, ಡಬ್ಬಿ ಇಲ್ಲ.
ಮೋನಮ್ಮ ಹಿಟ್ಟಿನ ಕೈಯಲ್ಲೇ ಮೂಲೆ ತೋರಿಸಿದಳು:
ಉಸುಕಿನ ಮೇಲೆ ಕೂತ ನೀರಿನ ಹರವಿ,
ಹರವಿಯ ಮಗ್ಗುಲಿಗೆ ಒದ್ದೆ ಬಟ್ಟೆ ಹೊದ್ದು
ಮಲಗಿದೆ ನನ್ನ ಹದಿನೇಳು,
ಸಂದಿಯಿಂದ ನೀಲಿ ದೀಪ ಮಿಣುಕಿಸುತ್ತ.

"ಮುಟ್ಟಿ ನೋಡ್ದೆ ಯವ್ವಾ, ಕೆಂಡ ಆಗಿತ್ತು.
ಹಗಲಿಲ್ಲ ರಾತ್ರಿಲ್ಲ ಪಿಳಿಪಿಳಿ ಕಣ್ಣು ಬಿಡ್ತದ ಪಾಪ,
ಅದಕ್ಕ ಶಕಿ ಆಗಂಗಿಲ್ಲೇನು?
ತಾಸಿಗೊಮ್ಮೆ ನೀರು ಚಿಮಕಸ್ತೀನಿ."

"ಅದು ನಿಮ್ಮ ಶಕಿ ಅಳೀಲಿಕ್ಕ ಬಂದದ, ಅಮ್ಮಾ,"
ಅಂದೆ, ನಗು ತಡೆದು, ಆಮೇಲೆ ತಡೆಯಲಾಗದೆ.
ಆಕೆ ನಗಲಿಲ್ಲ. ಅದೇ ಹರವಿಯ ನೀರು
ಚರಿಗೆ ತುಂಬ ಕೊಟ್ಟಳು.
"ಅಳೀಲಿ ಬಿಡು. ಅಳತಿ ಮಾಡಾಂವಗ ನೆರಳು ಬ್ಯಾಡೇನು?"

ಫೋನು ತೆಗೆದು ಮೊದಲ ವಾರದ ಗೆರೆ ತೋರಿಸಿದೆ,
ಡಬ್ಬಿ ಇನ್ನೂ ಮೊಳೆಯ ಮೇಲಿದ್ದಾಗಿನದು.
ನಸುಕಿನ ನಾಲ್ಕೂವರೆಗೆ ದಡಕ್ಕನೆ ಎದ್ದ ಗೆರೆ.
"ಒಲಿ ಹಚ್ಚಿದ್ದು," ತಾನೇ ಓದಿದಳು.
ಮಧ್ಯಾಹ್ನ ಮೂರಕ್ಕೆ ನಲವತ್ತಾರು.
ಅದಕ್ಕೆ ಏನೂ ಅನ್ನಲಿಲ್ಲ.
ರಾತ್ರಿ ಎರಡರ ಸುಮಾರಿಗೆ ದಿನವೂ ಒಂದು ಸಣ್ಣ ತಗ್ಗು,
ಅರ್ಧ ಡಿಗ್ರಿ, ಹತ್ತು ನಿಮಿಷ, ಮತ್ತೆ ಮೇಲೆ.
ನಮ್ಮ ಲ್ಯಾಬಿನಲ್ಲಿ ಅದಕ್ಕೆ ಗದ್ದಲ ಎಂದು ಹೆಸರಿಟ್ಟು
ಒರೆಸಿಹಾಕಿದ್ದೆವು.
ಹಿಟ್ಟಿನ ಬೆರಳು ಅಲ್ಲಿ ಬಂದು ನಿಂತಿತು,
ಗಾಜಿನ ಮೇಲೆ ಬಿಳಿ ಚುಕ್ಕೆ.

"ಇದು ನಾನು.
ಓಣಿ ಮಲಗಿದ ಮ್ಯಾಲ ಬಾಗಲ ತೆಗೀತೀನಿ.
ಹೊಸ್ತಿಲದ ಮ್ಯಾಲ ಕುಂತು, ಕುಪ್ಪಸದ ಗುಂಡಿ ಬಿಚ್ಚಿ
ಒಂದೀಟು ಗಾಳಿ ತಗೋತೀನಿ.
ನಾಯಿ ಬೊಗಳಿದ್ರ ಒಳಗ ಬರ್ತೀನಿ.
ಇದನ್ನೂ ಬರಕೊಂಡದೇನು?"
ಸೆರಗು ಸರಿಮಾಡಿಕೊಂಡಳು, ಫೋನಿನ ಎದುರಿಗೆ.

"ಯಾರ್ಯಾರು ನೋಡ್ತಾರ?"
ನಾನು, ಸರ್, ಮತ್ತೆ ಎಲ್ಲೋ ದೂರದ ಸರ್ವರ್.
ಅದು ಇರೋದು ಏಸಿ ಕೋಣೆಯಲ್ಲಿ, ಹಗಲೂ ರಾತ್ರಿ,
ಇಲ್ಲವಾದರೆ ಕೆಟ್ಟುಹೋಗುತ್ತೆ ಅಂದೆ.
"ನೋಡು ಮತ್ತ," ಅಂದಳು,
ಒದ್ದೆ ಬಟ್ಟೆ ಹಿಂಡುತ್ತ.

ಫಾರಮ್ಮಿನಲ್ಲಿ ಕಾರಣಕ್ಕೆ ಮೂರೇ ಖಾನೆ:
ಬ್ಯಾಟರಿ, ನೆಟ್‌ವರ್ಕ್, ದುರ್ಬಳಕೆ.
ಮೂರನ್ನೂ ಖಾಲಿ ಬಿಟ್ಟು
ಡಬ್ಬಿಯನ್ನು ಮೊಳೆಗೆ ಸಿಕ್ಕಿಸಿ ಬಂದೆ.
ಸ್ಟೇಷನ್ ರಸ್ತೆಗೆ ಬರುವಷ್ಟರಲ್ಲಿ ಜೇಬು ಗುನುಗಿತು.
ಮೂವತ್ತೊಂದು. ಮೂವತ್ತೆಂಟು. ನಲವತ್ತನಾಲ್ಕು.
ನಕಾಶೆ ಈಗ ಸರಿಯಾಯಿತು, ಇಪ್ಪತ್ನಾಲ್ಕೂ ಕೆಂಪು.
ಸರ್ ಹೆಬ್ಬೆರಳು ಕಳಿಸಿದರು.

ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ.
ಎರಡಾಯಿತು. ಎರಡು ಹತ್ತು. ಎರಡೂವರೆ.
ಗೆರೆ ಇಳಿಯಲಿಲ್ಲ.
ಗುಡ್ಡದ ಬುಡದಲ್ಲಿ ಒಂದು ಬಾಗಿಲು
ಮುಚ್ಚಿಯೇ ಇತ್ತು.
ಫೋನನ್ನು ಬೋರಲು ಹಾಕಿದೆ.