ಕೆಳಗೆ ನಿಂತವಳು

ಕಮಿಟಿಯಿಂದ ಕಾಗದ ಬಂತು, ಎರಡೇ ಸಾಲು.
ಕೊನೆಯ ಶಬ್ದ: ಕಾಕತಾಳೀಯ.
ಎಂತದು ಅದು, ಕೇಳಿದರು ಇವರು
ಬಲೆಯ ಗಂಟು ಬಿಡಿಸುತ್ತ.
ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು.
ಕೂತದ್ದಕ್ಕೆ ಬಿದ್ದದ್ದಲ್ಲ ಅಂತ ಅರ್ಥ.
ಓ, ಅಂದರು. ಮತ್ತೆ ತುಸು ಹೊತ್ತು ಬಿಟ್ಟು:
ಕೆಳಗೆ ನಿಂತವರ ಬಗ್ಗೆ ಬರೆದಿಲ್ಲವಾ?

ಬರೆದಿಲ್ಲ.

ಕೆಳಗೆ ನಿಂತದ್ದು ನಾನು.
ಬೆಂಗ್ರೆಯ ಆಶಾ, ಗುಲಾಬಿ ಸೀರೆ,
ನನ್ನ ಪಾಲಿಗೆ ಇನ್ನೂರ ಹನ್ನೆರಡು ಮನೆ.
ಶಾಲೆಯ ಜಗಲಿಯಲ್ಲಿ ಮೊದಲ ಸೂಜಿ ನನಗೇ ಎಂದು
ರವಕೆಯ ತೋಳು ಸರಿಸಿ ಕೂತವಳು,
ಜನ ನೋಡಲಿ ಎಂದು ನಗುತ್ತ.
ಹದಿನಾರನೆಯ ದಿನ ಭುಜದೊಳಗೆ ಯಾರೋ ಕೆಂಡ ಇಟ್ಟರು.
ತಿಂಗಳಿಗೆ ಕೆಂಡ ಆರಿತು. ಜೊತೆಗೆ ಕೈಯೂ.
ವೆನ್ಲಾಕಿನ ಡಾಕ್ಟರು ಮೆಲ್ಲ ಹೇಳಿದರು:
ನರದ ಉರಿ. ಆಗುವುದುಂಟು, ಲಕ್ಷಕ್ಕೊಬ್ಬರಿಗೆ.
ಆ ಲೆಕ್ಕ ನನಗೆ ಬಾಯಿಪಾಠ.
ಮನೆಮನೆಯಲ್ಲಿ ನಾನೇ ಹೇಳಿದ್ದು,
ಲಕ್ಷಕ್ಕೊಬ್ಬರಿಗೆ ಮಾರಾಯ್ತಿ, ಹೆದರಬೇಡ.
ಆ ಒಬ್ಬರಿಗೂ ತಲೆ ಬಾಚಲಿಕ್ಕೆ ಇರುತ್ತದೆ ಎಂದು
ಆಗ ಹೊಳೆಯಲಿಲ್ಲ.

ಈಗ ಮಗಳು ಬಾಚುತ್ತಾಳೆ.
ಶಾಲೆಗೆ ತಡವಾದ ದಿನ ಸಿಕ್ಕು ಹಾಗೇ.

ಕೋರ್ಟು ರಸ್ತೆಯ ಕುಟಿನ್ಹೊ ವಕೀಲರು
ಫೀಸಿನ ಮಾತು ಎತ್ತಲಿಲ್ಲ,
ಗೆಲ್ಲುವ ಮಾತೂ ಎತ್ತಲಿಲ್ಲ.
ಕಾಗದಗಳ ತಾರೀಕು ನೋಡಿದರು, ಬೆರಳು ಮಡಚಿ ಎಣಿಸಿದರು.
ವಾಯಿದೆ ಮುಗಿಯಲಿಕ್ಕೆ ನಲವತ್ತೊಂದು ದಿನ ಉಂಟು,
ಮನೆಗೆ ಹೋಗಿ ಯೋಚಿಸಿ, ಅಂದರು.
ವಕಾಲತ್ತಿನ ಹಾಳೆ ಚೀಲಕ್ಕೆ ಸೇರಿತು,
ಭಾನುವಾರದ ಪೋಲಿಯೊ ಪಟ್ಟಿಯ ಮೈಗೆ ಮೈ ತಾಗಿ.

ಅಲ್ಲಿಂದ ನಿದ್ದೆ ಕೆಟ್ಟಿತು.
ನಾನು ಕೇಸು ಹಾಕಿದರೆ ಯಾವ ಬಾಗಿಲು ತೆರೆದೀತು?
'ಅವಳೇ ಕೋರ್ಟಿಗೆ ಹೋದಳಂತೆ'
ಇಷ್ಟು ಸಾಕು, ಫೆರಿಗಿಂತ ಮೊದಲು ಮಾತು ದಡ ಮುಟ್ಟುತ್ತದೆ.
ಸೂಜಿ ಕೆಟ್ಟದ್ದು ಅಂತ ನನ್ನ ನಾಲಿಗೆ ಹೇಳಲಾರದು.
ದಡಾರದಲ್ಲಿ ಹೋದ ನನ್ನ ಅಕ್ಕ ಸುಂದರಿ,
ಅವಳದ್ದೊಂದು ಫೋಟೊ ಕೂಡ ಇಲ್ಲ ನಮ್ಮಲ್ಲಿ;
ನಾಲ್ಕು ವರ್ಷದ ಒಂದು ಲಂಗ ಮಾತ್ರ
ಅಮ್ಮನ ಪೆಟ್ಟಿಗೆಯ ತಳದಲ್ಲಿ.

ಹಾಗಾದರೆ ಸುಮ್ಮನಿರು, ಎನ್ನುತ್ತಾರೆ ಸೆಂಟರಿನ ಸಿಸ್ಟರ್.
ಹಾಗಾದರೆ ಕೋಟಿ ಕೇಳು, ಎನ್ನುತ್ತಾನೆ ಮೈದುನ.
ದುಡ್ಡು ಬೇಡವೆಂದಲ್ಲ.
ಫಿಸಿಯೊಗೆ ಒಂದು ಸಲಕ್ಕೆ ಮುನ್ನೂರು.
ಆದರೆ ರಾತ್ರಿ ಎಚ್ಚರವಾದಾಗ ನನಗೆ ಕಾಣುವುದು
ಬೇರೆಯೇ ಒಂದು ಕಾಗದ, ಅದರಲ್ಲಿ ಒಂದೇ ಸಾಲು:
ಹೌದು, ಇವಳ ಮೇಲೆ ಬಿತ್ತು.

ಮೊದಲು ಐಸಮ್ಮನಿಗೆ ಹೇಳಿದೆ.
ಅವಳ ಮೊಮ್ಮಗು ಪಟ್ಟಿಯಲ್ಲಿ ಏಳನೆಯದು,
ಕಳೆದ ಸಲ ನನ್ನ ಬೆರಳು ಕಚ್ಚಿದ ಪೋಕರಿ.
ಮರುವಾಯಿ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ.
ಚಿಪ್ಪಿನ ಸದ್ದು, ನೀರಿನ ಸದ್ದು.
ಬೈಯುತ್ತಾಳೆ ಅಂದುಕೊಂಡೆ. ಬೈದಳು ಕೂಡ,
ನಲವತ್ತೊಂದರಲ್ಲಿ ಹನ್ನೆರಡು ದಿನ ಸುಮ್ಮನೆ ಕಳೆದದ್ದಕ್ಕೆ.
ಕೋರ್ಟು ಕೋರ್ಟಿನ ಪಾಡಿಗೆ, ಅಂದಳು.
ಭಾನುವಾರ ತಪ್ಪಿಸಬೇಡ.
ಮಗುವಿನ ಬಾಯಿ ನಾನು ಅಗಲಿಸಿ ಹಿಡಿಯುತ್ತೇನೆ,
ಎರಡು ಹನಿ ಬಿಡಲಿಕ್ಕೆ
ನಿನಗೆ ಒಂದು ಕೈ ಸಾಕಲ್ಲ?

ಸೋಮವಾರ ಬೆಳಿಗ್ಗೆ ಫೆರಿ.
ಬಂದರಿನ ಕಡೆಯಿಂದ ಡೀಸೆಲಿನ ವಾಸನೆ,
ಮಂಜುಗಡ್ಡೆ ಪುಡಿಮಾಡುವ ಯಂತ್ರದ ಗರಗರ.
ಅಕ್ಕಪಕ್ಕದವರು ಎಂತ ಮಾರಾಯ್ತಿ ಬೆಳಿಗ್ಗೆಯೇ, ಅಂದರು.
ಔಷಧಿಗೆ, ಅಂದೆ. ಪೂರಾ ಸುಳ್ಳೂ ಅಲ್ಲ.
ಟಿಕೆಟಿನ ಹಿಂಬದಿ ಖಾಲಿ ಇತ್ತು.
ಪೆನ್ನು ಎಡಗೈಗೆ ಕೊಟ್ಟು ನನ್ನ ಹೆಸರು ಬರೆದು ನೋಡಿದೆ.
ವಾ ಬಂತು.
ರಿಯ ಗುಡಿಸು ದೋಣಿಯ ಜೊತೆ ವಾಲಿತು.
ಜಾ ಬರೆಯುವಷ್ಟರಲ್ಲಿ ದಡ ತಾಗಿ ಒಂದು ಏಟು;
ಎಲ್ಲರೂ ಎದ್ದರು.
ನಾನು ಕೂತೇ
ಇನ್ನೊಂದು ಸಲ ಬರೆದೆ.