ಹದಿನಾಲ್ಕನೇ ಸಾಲಿನ ದೀಪ

ಚಳಿಗಾಲದಲ್ಲಿ ಐದಕ್ಕೇ ಗೇಟು ಹಾಕುತ್ತೇನೆ.
ಒಳಗುಳಿದವರನ್ನು ಹೊರಗೆ ಕಳಿಸುವುದು ನನ್ನ ಕೆಲಸ,
ಬದುಕಿದ್ದವರನ್ನು ಮಾತ್ರ.
ವಿಯೆನ್ನಾದ ಈ ದಕ್ಷಿಣದಂಚಿನಲ್ಲಿ
ಟ್ರಾಮು ಉಸ್ಸೆಂದು ನಿಲ್ಲುವಲ್ಲಿ
ಇಪ್ಪತ್ತಾರು ವರ್ಷದಿಂದ
ಬೀಗದ ಕೈ ಸೊಂಟಕ್ಕೆ ಬಡಿಯುತ್ತಿದೆ.

ಮಂಗಳವಾರ ಮಂಗಳವಾರ
ಹೆರ್ಮಿನೆ ಸೆಡ್ಲಾಚೆಕ್ ಬರುತ್ತಾಳೆ, ದೂರು ಹೊತ್ತು.
"ಮತ್ತೆ ಕದ್ದಿದ್ದಾರೆ."
ಕೈಯಲ್ಲಿ ಕೆಂಪು ಗಾಜಿನ ಬುಡ್ಡಿ.
ಬತ್ತಿಯಿಲ್ಲ, ಮೇಣವಿಲ್ಲ,
ನೆಕ್ಕಿಟ್ಟ ತಟ್ಟೆಯ ಹಾಗೆ ತಳ ಹೊಳೆಯುತ್ತದೆ.
"ನಲವತ್ತೆಂಟು ಗಂಟೆ ಉರಿಯಬೇಕಿತ್ತು,
ಡಬ್ಬಿಯ ಮೇಲೇ ಬರೆದಿದೆ, ನೋಡು."

ಯಾರ ಮೇಲೆ ಅನುಮಾನ ಅಂತ ನಾನು ಕೇಳುವುದಿಲ್ಲ.
ಪಕ್ಕದ ಕಲ್ಲಿನವಳು, ಒಟ್ಟೀಲಿಯೆ ಶ್ರಾಂಕ್.
ಎರಡು ವರ್ಷದಿಂದ ಇಬ್ಬರೂ
ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ
ಮುಖ ನೋಡದೆ.
ಗಂಡಂದಿರು, ಪಾಪ, ಮಗ್ಗುಲಿಗೆ ಮಗ್ಗುಲು.

ಕಳ್ಳ ಯಾರೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.
ಹೇಳಿದರೆ ಬೋನಿಡಿ ಅನ್ನುವವರಿದ್ದಾರೆ,
ವಿಷವಿಡಿ ಅನ್ನುವವರೂ.
ಹಿಂಭಾಗದಲ್ಲಿ ಹುಲ್ಲು ಕೊಯ್ಯಬೇಡಿ ಅಂತ
ಆಫೀಸಿನಿಂದ ಕಾಗದ ಬಂದ ವರ್ಷ
ಎಷ್ಟು ಜನ ಜಗಳಕ್ಕೆ ಬಂದರು:
"ಸತ್ತವರಿಗೆ ಮರ್ಯಾದೆ ಬೇಡವೇ?"
ಅಲ್ಲೀಗ ಮಂಡಿಯೆತ್ತರ ಬಿಳಿ ಹೂವು,
ನೆಲದಲ್ಲಿ ತೂತು ಕೊರೆದು ಮನೆ ಮಾಡುವ ಒಂಟಿ ಜೇನು.
ಕೇಳುವವರಿಲ್ಲದ ಕಲ್ಲುಗಳ ಮೇಲೆ
ಕಿತ್ತಳೆ ಬಣ್ಣದ ಕಲ್ಲುಹೂವು
ಒಂದೊಂದೇ ಅಕ್ಷರ ಓದುತ್ತ ಓದುತ್ತ
ಹೆಸರನ್ನೇ ಮುಗಿಸಿದೆ.
ಬೆಳಗಿನ ಜಾವ ಬರುವ ಜಿಂಕೆ
ಹೊಸ ಗೋರಿಗಳ ಗುಲಾಬಿಯನ್ನಷ್ಟೇ ಆರಿಸಿ ತಿಂದು
ಪ್ಲಾಸ್ಟಿಕ್ಕಿನದನ್ನು ಮೂಸಿ ಬಿಡುತ್ತದೆ.
ಅದರ ಮೇಲೂ ದೂರುಗಳಿವೆ, ಒಂದು ಫೈಲಿನಷ್ಟು.

ಅಕ್ಟೋಬರ್ ಕೊನೆ. ನಾಳಿದ್ದು ಸಕಲ ಸಂತರ ಹಬ್ಬ,
ಊರಿಗೆ ಊರೇ ದೀಪ ಹಿಡಿದು ಬರುವ ದಿನ.
ಹೆರ್ಮಿನೆ ಆಗಲೇ ಬಂದು ಕೂತಿದ್ದಳು
ಬೆಂಚಿನ ಮೇಲೆ, ಕಾವಲಿಗೆ,
ಮಡಿಲಲ್ಲಿ ಕೊಡೆ, ಕತ್ತಿಯ ಹಾಗೆ.
ಐದಾಯಿತು. ಗಂಟೆ ಬಾರಿಸಿದೆ. ಏಳಲಿಲ್ಲ.
ಹತ್ತಿರ ಹೋದೆ.
ತುಟಿಗೆ ಬೆರಳಿಟ್ಟಳು.

ಗಾಳಿಗೆ ಆರಿದ ದೀಪದ ಬುಡ್ಡಿಯಿಂದ
ಎರಡು ಹಿಂಗಾಲು ಮೇಲೆ.
ಗುಂಡು ಕುಂಡೆ, ಮೋಟು ಬಾಲ.
ಆಮೇಲೆ ಹಿಮ್ಮುಖವಾಗಿ ಹೊರಬಂತು:
ಕಂದು ಬೆನ್ನು, ಬಿಳಿ ಕಪಾಳ,
ಹೊಟ್ಟೆ ಮಾತ್ರ ಇದ್ದಲಲ್ಲಿ ಹೊರಳಿದ ಹಾಗೆ ಕಪ್ಪು.
ಹ್ಯಾಮ್‌ಸ್ಟರ್.
ಒಂದು ಕಾಲಕ್ಕೆ ಗೋಧಿ ಹೊಲದ ಕಳ್ಳ.
ಹೊಲ ಅವನನ್ನು ಮುಗಿಸಿತು,
ಉಳಿದವರು ಬಂದು ನಮ್ಮ ಸತ್ತವರ ಮರೆಹೊಕ್ಕರು.
ಎರಡೂ ಕೆನ್ನೆಗೆ ಮೇಣ ತುರುಕಿಕೊಂಡು
ತಲೆ ಇಮ್ಮಡಿಯಾಗಿ
ನಮ್ಮನ್ನು ನೋಡಿತು,
ಬಾಯ್ತುಂಬ ಇಟ್ಟುಕೊಂಡವರು ನೋಡುವಂತೆ,
ಉತ್ತರ ಕೊಡಲಾಗದೆ.
ಆಮೇಲೆ ಆಲೊಯಿಸ್ ಸೆಡ್ಲಾಚೆಕ್‌ನ
ಕಾಲಬಳಿಯ ಬಿಲಕ್ಕೆ ಇಳಿದುಹೋಯಿತು.

ಬಹಳ ಹೊತ್ತಿನ ಮೇಲೆ ಹೆರ್ಮಿನೆ
"ಅವನೂ ಹೀಗೇ" ಅಂದಳು.
ಯುದ್ಧ ಮುಗಿದ ವರ್ಷ ಅವನಿಗೆ ಏಳು.
ಆಮೇಲೆ ಸಾಯುವವರೆಗೂ
ಟ್ರಾಮು ಓಡಿಸುವ ಕೋಟಿನ ಎರಡೂ ಜೇಬಲ್ಲಿ
ಬ್ರೆಡ್ಡಿನ ತುದಿ.
ಮದುವೆಯ ಕೋಟಿನಲ್ಲೂ.
"ಒಗೆಯಲು ತೆಗೆದರೆ
ಹೊಲಿಗೆಯ ಸಂದಿಯಲ್ಲೆಲ್ಲ ಪುಡಿ.
ಎಷ್ಟು ಬೈದಿದ್ದೇನೆ."

ನಾನು ಬೀಗದ ಕೈ ಸದ್ದಾಗದಂತೆ ಹಿಡಿದು ನಿಂತಿದ್ದೆ.
ಕೆಳಗೆ, ಅವನ ಪಕ್ಕದಲ್ಲೆಲ್ಲೋ, ಕಣಜ ತುಂಬುತ್ತಿತ್ತು.
ನಾವು ಹಚ್ಚಿಟ್ಟ ಬೆಳಕನ್ನು
ಕಚ್ಚಿ ಕಚ್ಚಿ ಒಯ್ದು
ಕತ್ತಲಲ್ಲಿ ಒಪ್ಪವಾಗಿ ಜೋಡಿಸುತ್ತ.
ಎಡೆ ಇಟ್ಟದ್ದು ಒಬ್ಬರಿಗೆ, ಉಂಡವರು ಇನ್ನೊಬ್ಬರು.
ಎಂದಿನಿಂದಲೂ ಹಾಗೇ ಇರಬೇಕು.

ಹಬ್ಬದ ದಿನ ಹದಿನಾಲ್ಕನೇ ಸಾಲಲ್ಲಿ
ಮುಚ್ಚಳವಿರುವ ದೀಪ ಉರಿಯುತ್ತಿತ್ತು.
ಪಕ್ಕದಲ್ಲಿ ಕಾಫಿಬಟ್ಟಲಿನ ತಟ್ಟೆ,
ಅದರಲ್ಲಿ ಬ್ರೆಡ್ಡಿನ ತುದಿ, ಒಂದೇ.
ಒಟ್ಟೀಲಿಯೆಗೆ ಅವಳು ಏನೂ ಹೇಳಲಿಲ್ಲ,
ತಪ್ಪಾಯಿತು ಅನ್ನುವ ಹೆಂಗಸಲ್ಲ.
ತನ್ನ ಕ್ಯಾನು ತುಂಬಿದ ಮೇಲೆ
ನಲ್ಲಿ ತಿರುಗಿಸದೆ
ಪಕ್ಕಕ್ಕೆ ಸರಿದಳು,
ನೀರು ಸುರಿಯುತ್ತಲೇ ಇತ್ತು,
ಹಿಂದಿದ್ದವಳು ತನ್ನದನ್ನು ಒಡ್ಡುವವರೆಗೆ.