ಹಸಿರು ಟಿಕ್

ಯಾಕೆ ಬಿಡ್ತಿದ್ದೀಯ ಅಂದರು. ಮೂವತ್ತು ಪರ್ಸೆಂಟ್ ಹೆಚ್ಚು, ಅಂದೆ.
ಎಚ್‌ಆರ್‌ನ ಫಾಲ್ಗುಣಿ ಪಾರೇಖ್ ಬರೆದುಕೊಂಡಳು;
ಫಾರಮ್ಮಿನಲ್ಲಿ ಇದ್ದದ್ದೇ ಅಷ್ಟು ಜಾಗ.

ಲೋವರ್ ಪರೇಲಿನಲ್ಲಿ ರಸ್ತೆ ದಾಟಿದರೆ ಎದುರಾಳಿ ಕಂಪನಿ.
ಕೊರಳಪಟ್ಟಿ ನೀಲಿಯಿಂದ ಕಿತ್ತಳೆಗೆ ತಿರುಗಿತು.
ವಡಾಪಾವಿನವನು ಮಾತ್ರ ಅವನೇ,
ಉದ್ರಿಯೂ ಅದೇ.

ಮೊದಲ ವಾರವೇ ಮೇಜಿಗೆ ಬಂತು ಹಳೆಯ ಗಿರಾಕಿಯ ಕಡತ:
ಅವರೂ ಆಡಿಟರನ್ನು ಬದಲಿಸಿದ್ದರು.
ಭಿವಂಡಿ ಗೋದಾಮು, ಮಾರ್ಚ್ ಮೂವತ್ತೊಂದರ ರಾತ್ರಿ,
ಎಣ್ಣೆಯ ಡ್ರಮ್ಮು ನಾನೂರ ಹನ್ನೆರಡು.
ಪಕ್ಕದಲ್ಲಿ ಹಸಿರು ಟಿಕ್,
ಕೆಳಗೆ ನನ್ನದೇ ಇನಿಷಿಯಲ್ಲು.

ಕೊನೆಯ ಸಾಲಿನದನ್ನು ಅಂದು ಬೆರಳಲ್ಲಿ ತಟ್ಟಿದ್ದೆ.
ಟೊಳ್ಳು ದನಿ.
"ಕೊನೇ ಲೋಕಲ್ ತಪ್ಪುತ್ತೆ, ನಡಿ" ಅಂದಿದ್ದರು ಸಾಹೇಬರು.
ನಡೆದಿದ್ದೆ.

ಈಗ ಕೆಂಪು ಪೆನ್ನಲ್ಲಿ, ಅಂಚಿನಲ್ಲಿ, ಬರೆಯುತ್ತೇನೆ:
ಇದನ್ನು ಎಣಿಸಿದವರು ಯಾರು?
ವಿವರಣೆ ಕೇಳಿ.